ಮರದ ಬಣ್ಣಗಳಲ್ಲೇ ಚಿತ್ರ: ಮನೆಯಲ್ಲಿ ಮಾರ್ಕೆಟ್ರಿ ಕಲಿಯುವ ಬಗೆ

ಮೈಸೂರು ಅರಮನೆಯ ಅಂಬಾವಿಲಾಸದಲ್ಲಿ ದಂತದ ಕುಸುರಿ ಕೂಡಿಸಿದ ಬೀಟೆ ಮರದ ಬಾಗಿಲನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಶ್ರೀರಂಗಪಟ್ಟಣದ ಗುಂಬಜ್‌ನಲ್ಲೂ ದಂತ ಕೂಡಿಸಿದ ಕರಿಮರದ ಬಾಗಿಲುಗಳಿವೆ. ಮೈಸೂರಿನ ಅಂಗಡಿಗಳಲ್ಲಿ ಇವತ್ತು ಸಿಗುವ ಆನೆ, ದಸರಾ ಮೆರವಣಿಗೆ, ಹಳ್ಳಿಯ ಬದುಕಿನ ಫಲಕಗಳು ಅದೇ ಕಸುಬಿನ ಮುಂದುವರಿಕೆ. ದಂತ ಮಾತ್ರ ಈಗಿಲ್ಲ. 1986ರಲ್ಲಿ ನಮ್ಮ ಆನೆಗಳ ದಂತದ ವ್ಯಾಪಾರಕ್ಕೆ, 1991ರಲ್ಲಿ ಆಫ್ರಿಕಾದಿಂದ ಬರುತ್ತಿದ್ದ ದಂತದ ವ್ಯಾಪಾರಕ್ಕೂ ಕಾನೂನು ತಡೆ ಹಾಕಿತು. ಅದು ಒಳ್ಳೆಯದೇ ಆಯಿತು. ಈಗ ಫಲಕದ ಹಳದಿ ಹಲಸಿನದು, ಕಂದು ತೇಗದ್ದು, ಕಪ್ಪು ಬೀಟೆಯದ್ದು. ಈ ಕೆಲಸಕ್ಕೆ 'ಮೈಸೂರು ರೋಸ್‌ವುಡ್ ಇನ್‌ಲೇ' ಎಂಬ ಹೆಸರಿನಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ.

ಇನ್‌ಲೇ ಮತ್ತು ಮಾರ್ಕೆಟ್ರಿ ಹತ್ತಿರದ ನೆಂಟರು, ಆದರೆ ಮಾಡುವ ರೀತಿ ಬೇರೆ. ಇನ್‌ಲೇಯಲ್ಲಿ ದಪ್ಪ ಹಲಗೆಯಲ್ಲಿ ಉಳಿಯಿಂದ ಗುಂಡಿ ತೋಡಿ, ಅದರೊಳಗೆ ಬೇರೆ ಮರದ ತುಂಡನ್ನು ಕೂರಿಸುತ್ತಾರೆ. ಮಾರ್ಕೆಟ್ರಿಯಲ್ಲಿ ತೋಡುವ ಕೆಲಸವೇ ಇಲ್ಲ. ತೆಳ್ಳಗಿನ ಮರದ ಹಾಳೆಗಳನ್ನು, ಅಂದರೆ ವೆನೀರ್‌ಗಳನ್ನು, ಕತ್ತರಿಸಿ ಪಕ್ಕಪಕ್ಕ ಜೋಡಿಸಿ ಇಡೀ ಚಿತ್ರವನ್ನು ಒಂದೇ ಹಾಳೆ ಮಾಡಿಕೊಳ್ಳುತ್ತೇವೆ. ಆಮೇಲೆ ಅದನ್ನು ಹಲಗೆಗೆ ಅಂಟಿಸುತ್ತೇವೆ. ಹವ್ಯಾಸಕ್ಕೆ ಮರಗೆಲಸ ಮಾಡುವವರಿಗೆ ಇದು ಹೇಳಿಮಾಡಿಸಿದ್ದು. ದೊಡ್ಡ ಯಂತ್ರ ಬೇಡ, ಸದ್ದಿಲ್ಲ, ಊಟದ ಮೇಜಿನ ಮೇಲೇ ಕೂತು ಮಾಡಬಹುದು. ಬೇಕಾಗಿರುವುದು ಚೂಪಾದ ಚಾಕು, ಒಳ್ಳೆಯ ಬೆಳಕು, ಮರವನ್ನು ನೋಡುವ ಕಣ್ಣು. ಈ ಮೂರರಲ್ಲಿ ಕಣ್ಣಿಗೇ ಹೆಚ್ಚು ಅಭ್ಯಾಸ ಬೇಕು. ಹಾಗಾಗಿ ಚಾಕು ಹಿಡಿಯುವ ಮೊದಲು ಮರದ ಮಾತು.

ಮರದ ಹಾಳೆ ಎಲ್ಲಿ, ಹೇಗೆ

ವೆನೀರ್ ಬೇಕು ಅಂತ ಪ್ಲೈವುಡ್ ಅಂಗಡಿಗೆ ಹೋದರೆ ಬಹುಪಾಲು ಕಡೆ 4 ಮಿಲಿಮೀಟರ್ ಪ್ಲೈಗೆ ಮೊದಲೇ ಅಂಟಿಸಿದ ಹಾಳೆ ತೋರಿಸುತ್ತಾರೆ. ಅದು ವಾರ್ಡ್‌ರೋಬ್ ಬಾಗಿಲಿಗೆ ಸರಿ, ನಮಗೆ ಆಗುವುದಿಲ್ಲ. ಚಾಕುವಿನಿಂದ ಅದನ್ನು ಕತ್ತರಿಸಲು ಸಾಧ್ಯವೇ ಇಲ್ಲ. ಯಾವುದಕ್ಕೂ ಅಂಟಿಸದ ಬಿಡಿ ಹಾಳೆ ಬೇಕು ಅಂತ ಸ್ಪಷ್ಟವಾಗಿ ಕೇಳಿ. ದಪ್ಪ ಅರ್ಧ ಮಿಲಿಮೀಟರ್ ಆಸುಪಾಸು ಇರಬೇಕು. ಪೀಠೋಪಕರಣ ಕಾರ್ಖಾನೆಗಳಲ್ಲಿ, ವೆನೀರ್ ಕೆಲಸ ಮಾಡುವ ಬಡಗಿಗಳ ಹತ್ತಿರ ಉಳಿದ ಚೂರುಗಳು ಬಿದ್ದಿರುತ್ತವೆ. ಅವರಿಗೆ ಕಸ, ನಮಗೆ ಬಂಗಾರ. ಅಂಗೈ ಅಗಲದ ಚೂರೂ ಉಪಯೋಗಕ್ಕೆ ಬರುತ್ತದೆ. ಬೇರೆ ಊರಲ್ಲಿ, ಬೇರೆ ದೇಶದಲ್ಲಿ ಇರುವವರಿಗೆ ಆನ್‌ಲೈನ್‌ನಲ್ಲಿ ಹಲವು ಮರಗಳ ಚೂರುಗಳನ್ನು ಒಟ್ಟಿಗೆ ಕಟ್ಟಿದ ಪೊಟ್ಟಣ ಸಿಗುತ್ತದೆ. ಕಲಿಯುವವರಿಗೆ ಅದು ಚೆನ್ನಾಗಿದೆ.

ಶುರುವಿಗೆ ನಾಲ್ಕೈದು ಬಗೆಯ ಮರ ಸಾಕು. ನಮ್ಮ ಕಡೆಯ ಮರಗಳಲ್ಲೇ ಬಣ್ಣದ ಪೆಟ್ಟಿಗೆ ತುಂಬುತ್ತದೆ. ಹಲಸು ಹೊಸದರಲ್ಲಿ ತಿಳಿ ಹಳದಿ. ತೇಗ ಚಿನ್ನದ ಕಂದು, ನಡುವೆ ಕಡು ಗೆರೆಗಳು. ಬೀಟೆ ನೇರಳೆ ಛಾಯೆಯ ಕಡುಗಂದು, ಅಲ್ಲಲ್ಲಿ ಕಪ್ಪು ಪಟ್ಟೆ. ಹಾಲೆ ಮರ ಕೆನೆ ಬಿಳಿ. ಚನ್ನಪಟ್ಟಣದ ಗೊಂಬೆ ಕಡೆಯುವುದು ಇದರಲ್ಲೇ. ಇದರ ಬಿಡಿ ಹಾಳೆ ಸಿಗದಿದ್ದರೆ ಬೇರೆ ಯಾವುದೇ ಬಿಳಿ ಮರ ನಡೆಯುತ್ತದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ನನಗೆ ತುಂಬಾ ಇಷ್ಟದ ಮರ. ಅದನ್ನು ಸರಿಯಾದ ದಿಕ್ಕಿನಲ್ಲಿ ಸೀಳಿದರೆ ಮೈತುಂಬ ಮೀನಿನ ಹುರುಪೆಯಂಥ ಚುಕ್ಕೆಗಳು ಏಳುತ್ತವೆ. ನೀರು, ಒದ್ದೆ ಬಂಡೆ, ಆನೆಯ ಚರ್ಮ, ಎಲ್ಲಕ್ಕೂ ಅದು ಒದಗುತ್ತದೆ.

ಹಸಿರು ಬೇಕೆನ್ನುವವರಿಗೆ ಬಣ್ಣ ಹಾಕಿ ಮರುಜೋಡಿಸಿದ ಕಾರ್ಖಾನೆ ವೆನೀರ್ ಸಿಗುತ್ತದೆ. ಬಳಸಬಾರದು ಅಂತೇನಿಲ್ಲ. ಆದರೆ ಅದರ ಎಳೆಗಳು, ಅಂದರೆ ಮರದ ನಾರು ಹರಿಯುವ ಗೆರೆಗಳು, ಒಂದೇ ಸಮ ಇರುತ್ತವೆ, ಚಿತ್ರ ಚಪ್ಪಟೆಯಾಗಿ ಕಾಣುತ್ತದೆ. ಮರದ ಸಹಜ ಬಣ್ಣಗಳಲ್ಲೇ ಮೊದಲು ಕೈ ಪಳಗಲಿ ಎನ್ನುವುದು ನನ್ನ ಮಾತು.

ಬೀಟೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಅದರ ಕಡಿತ, ಸಾಗಾಟಕ್ಕೆ ಅರಣ್ಯ ಇಲಾಖೆಯ ನಿಯಮಗಳಿವೆ. ಬಿಲ್ ಕೊಡುವವರ ಹತ್ತಿರವೇ ಕೊಳ್ಳಿ. 2017ರಿಂದ ಬೀಟೆಯ ಇಡೀ ಜಾತಿ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿದೆ. ಹೊರದೇಶಕ್ಕೆ ಹಾಳೆ ಕಳಿಸುವ, ತರಿಸುವ ಮುಂಚೆ ಆ ದೇಶದ ನಿಯಮ ನೋಡಿಕೊಳ್ಳಿ. ರಕ್ತಚಂದನದ ಗೊಡವೆಗೆ ಹೋಗಲೇಬೇಡಿ. ಕೆಂಪು ಬಣ್ಣ ಕೊಡುವ ಬೇರೆ ಮರಗಳು ಬೇಕಾದಷ್ಟಿವೆ.

ಹಾಳೆಗಳನ್ನು ಮನೆಗೆ ತಂದ ಮೇಲೆ ಚಪ್ಪಟೆಯಾಗಿ, ಎರಡು ಹಲಗೆಗಳ ನಡುವೆ ಇಡಿ. ಸುರುಳಿ ಸುತ್ತಬೇಡಿ. ಅಲೆಅಲೆಯಾಗಿ ಸೊಟ್ಟಗಾಗಿದ್ದರೆ ನೀರಿಗೆ ಸ್ವಲ್ಪ ಗ್ಲಿಸರಿನ್ ಬೆರೆಸಿ ಎರಡೂ ಬದಿಗೆ ತೆಳ್ಳಗೆ ಚಿಮುಕಿಸಿ. ಬಿಳಿ ಕಾಗದದ ನಡುವೆ ಇಟ್ಟು ಮೇಲೆ ಭಾರ ಹೇರಿ. ಕಾಗದವನ್ನು ದಿನಕ್ಕೊಮ್ಮೆ ಬದಲಿಸಿ. ಪೂರ್ತಿ ಒಣಗುವವರೆಗೆ ಹಾಳೆಯನ್ನು ಕತ್ತರಿಸಲು ತೆಗೆಯಬೇಡಿ. ನ್ಯೂಸ್‌ಪೇಪರ್ ಬೇಡ, ಅದರ ಮಸಿ ಬಿಳಿ ಮರಕ್ಕೆ ಇಳಿಯುತ್ತದೆ.

ಸಲಕರಣೆ

ಸಲಕರಣೆಗೆ ಹೆಚ್ಚು ಖರ್ಚಿಲ್ಲ. ಆಸ್ಪತ್ರೆ ಸಾಮಾನು ಮಾರುವ ಅಂಗಡಿಯಲ್ಲಿ 3ನೇ ನಂಬರಿನ ಸ್ಕಾಲ್ಪೆಲ್ ಹಿಡಿ ಮತ್ತು 11ನೇ ನಂಬರಿನ ಬ್ಲೇಡ್ ಕೇಳಿ. ಆ ಬ್ಲೇಡಿನ ಮೊನೆ ತುಂಬಾ ಚೂಪು, ಬಾಗಿದ ಗೆರೆಗೆ ಚೆನ್ನಾಗಿ ಹೊರಳುತ್ತದೆ. ಬ್ಲೇಡುಗಳನ್ನು ಪೆಟ್ಟಿಗೆಗಟ್ಟಲೆ ತಂದಿಡಿ. ಮೊನೆ ಮುರಿದ ಅಥವಾ ಮೊಂಡಾದ ಬ್ಲೇಡಿನಲ್ಲಿ ಮುಂದುವರಿಸಿದರೆ ಎಳೆ ಹರಿಯುತ್ತದೆ, ಕೈ ಜಾರಿ ಬೆರಳಿಗೂ ಬೀಳುತ್ತದೆ. ಹಳೆಯ ಬ್ಲೇಡುಗಳನ್ನು ಒಂದು ಡಬ್ಬಿಯಲ್ಲಿ ಮುಚ್ಚಿಡಿ.

ಇದರ ಜೊತೆಗೆ ಕತ್ತರಿಸುವ ರಬ್ಬರ್ ಮ್ಯಾಟ್, ಸ್ಟೀಲ್ ಸ್ಕೇಲ್, ಚಿಮಟ, ಟ್ರೇಸಿಂಗ್ ಪೇಪರ್, ಕಾರ್ಬನ್ ಹಾಳೆ, ಮಾಸ್ಕಿಂಗ್ ಟೇಪ್ ಬೇಕು. ನೀರು ಹಚ್ಚಿದರೆ ಅಂಟುವ ಕಂದು ಕಾಗದದ ಟೇಪ್ ಒಂದು ಸುರುಳಿ ಇರಲಿ. ಅಂಟಿಗೆ ಫೆವಿಕಾಲ್ ಎಸ್‌ಎಚ್ ಸಾಕು. ಲ್ಯಾಮಿನೇಟ್ ಅಂಟಿಸುವ ಹಳದಿ ರಬ್ಬರ್ ಅಂಟು ಬೇಡ. ಅದು ಒಣಗಿದ ಮೇಲೂ ಮೆತ್ತಗೇ ಇರುತ್ತದೆ, ಹವೆ ಬದಲಾದಂತೆ ತುಂಡುಗಳು ನಿಧಾನಕ್ಕೆ ಜರುಗಿ ಸಂದುಗಳು ಬಾಯಿ ಬಿಡುತ್ತವೆ. ಒತ್ತಲು 18 ಮಿಲಿಮೀಟರ್ ಪ್ಲೈವುಡ್‌ನ ಎರಡು ತುಂಡು, ತಿರುಪು ತಿರುಗಿಸಿ ಬಿಗಿಯುವ ಆರೆಂಟು ಜಿ ಕ್ಲಾಂಪ್. ಅಷ್ಟೇ.

ಮೊದಲು ಕಣ್ಣಿಗೆ ಅಭ್ಯಾಸ

ಚಿತ್ರ ಮಾಡುವ ಆತುರ ಎಲ್ಲರಿಗೂ ಇರುತ್ತದೆ. ಅದಕ್ಕೂ ಮುಂಚೆ ಇದೊಂದು ಮಾಡಿ. ಒಂದೇ ತೇಗದ ಹಾಳೆಯಿಂದ 5 ಸೆಂಟಿಮೀಟರ್‌ನ ನಾಲ್ಕು ಚೌಕ ಕತ್ತರಿಸಿ. ಎರಡರ ಎಳೆ ಅಡ್ಡ, ಎರಡರ ಎಳೆ ಉದ್ದ ಬರುವಂತೆ ಜೋಡಿಸಿ ಟೇಪ್ ಹಾಕಿ. ಈಗ ಕಿಟಕಿಯ ಪಕ್ಕ ಹಿಡಿದು ನಿಧಾನವಾಗಿ ತಿರುಗಿಸಿ. ಒಂದು ಕೋನದಲ್ಲಿ ಅಡ್ಡ ಎಳೆಯ ಚೌಕಗಳು ಹೊಳೆಯುತ್ತವೆ, ಉಳಿದವು ಕಪ್ಪಿಡುತ್ತವೆ. ಇನ್ನೊಂದು ಕೋನದಲ್ಲಿ ತಿರುಗುಮುರುಗು. ಒಂದೇ ಮರ, ಒಂದೇ ಹಾಳೆ, ಆದರೂ ಎರಡು ಬಣ್ಣ.

ಮಾರ್ಕೆಟ್ರಿಯ ಜೀವ ಇರುವುದು ಇಲ್ಲಿ. ಬಣ್ಣದ ಡಬ್ಬಿಯ ಹಸಿರು ಯಾವ ಕಡೆಯಿಂದ ನೋಡಿದರೂ ಹಸಿರೇ. ಮರದ ಬಣ್ಣ ಬೆಳಕು ಬೀಳುವ ದಿಕ್ಕಿಗೆ ತಕ್ಕಂತೆ ಬದಲಾಗುತ್ತದೆ. ಹಾಗಾಗಿ ಪ್ರತಿ ತುಂಡಿಗೂ ಮರ ಯಾವುದು ಅನ್ನುವಷ್ಟೇ, ಎಳೆ ಯಾವ ಕಡೆ ಹರಿಯಬೇಕು ಅನ್ನುವುದೂ ಮುಖ್ಯ. ಆಕಾಶಕ್ಕೆ, ನೀರಿಗೆ ಎಳೆ ಅಡ್ಡಡ್ಡ. ಮರದ ಕಾಂಡಕ್ಕೆ ಉದ್ದುದ್ದ. ಬೆಟ್ಟಕ್ಕೆ ಅದರ ಇಳಿಜಾರಿನ ಜೊತೆ. ಎಲೆಯಾದರೆ ನಡುನರದಿಂದ ಎರಡು ಭಾಗ ಮಾಡಿ, ಎಳೆಗಳನ್ನು ಎದುರುಬದುರು ಓರೆಯಾಗಿ ಇಡಿ. ಒಂದೇ ಹಾಳೆಯಿಂದ ತೆಗೆದರೂ ಒಂದು ಬದಿ ಬಿಸಿಲಲ್ಲಿ, ಒಂದು ಬದಿ ನೆರಳಲ್ಲಿ ಇದ್ದಂತೆ ಕಾಣುತ್ತದೆ.

ಎರಡನೆಯ ಅಭ್ಯಾಸ ಚದುರಂಗದ ಹಾಸು. ಇದು ಸ್ಕೇಲ್ ಇಟ್ಟು ನೇರ ಕತ್ತರಿಸುವುದನ್ನು ಕಲಿಸುತ್ತದೆ. ಬಿಳಿ ಮರದ ಐದು, ಬೀಟೆಯ ನಾಲ್ಕು ಪಟ್ಟಿಗಳನ್ನು ಒಂದೇ ಅಗಲಕ್ಕೆ ಕತ್ತರಿಸಿ. ಒಂದು ಬಿಳಿ, ಒಂದು ಕಪ್ಪು ಹೀಗೆ ಪಕ್ಕಪಕ್ಕ ಇಟ್ಟು ಟೇಪ್ ಹಾಕಿ. ಈಗ ಅಡ್ಡಕ್ಕೆ ಅದೇ ಅಗಲದ ಎಂಟು ಪಟ್ಟಿ ಕತ್ತರಿಸಿ. ಒಂದು ಬಿಟ್ಟು ಒಂದು ಪಟ್ಟಿಯನ್ನು ಒಂದು ಚೌಕದಷ್ಟು ಪಕ್ಕಕ್ಕೆ ಜರುಗಿಸಿ. ಎರಡೂ ತುದಿಯಲ್ಲಿ ಹೊರಗೆ ಚಾಚಿದ ಚೌಕಗಳನ್ನು ಕತ್ತರಿಸಿ ತೆಗೆದರೆ ಎಂಟಕ್ಕೆ ಎಂಟು ಸಿದ್ಧ. ಅರವತ್ತನಾಲ್ಕು ಚೌಕಗಳನ್ನು ಒಂದೊಂದಾಗಿ ಕತ್ತರಿಸಿ ಜೋಡಿಸಲು ಹೋದರೆ ಮೂಲೆಗಳು ಎಂದೂ ಕೂಡುವುದಿಲ್ಲ.

ಮೊದಲ ಚಿತ್ರ: ಕುಕ್ಕರಹಳ್ಳಿ ಕೆರೆಯಿಂದ ಚಾಮುಂಡಿ ಬೆಟ್ಟ

ಮೊದಲ ಚಿತ್ರಕ್ಕೆ ಮುಖ, ಕೈ, ಆನೆ ಏನೂ ಬೇಡ. ಆಕಾಶ, ಸೂರ್ಯ, ಬೆಟ್ಟ, ಅದರ ಕೆಳಗೆ ಮರಗಳ ಸಾಲು, ಕೆರೆ, ಮುಂದೆ ಒಂದು ದಡ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಡದಲ್ಲಿ ನಿಂತರೆ ಕಾಣುವ ನೋಟ ಇದೇ. ನಿಮ್ಮೂರಿನ ಕೆರೆ ಬೆಟ್ಟ ಇದ್ದರೆ ಅದನ್ನೇ ಮಾಡಿ. 20 ಸೆಂಟಿಮೀಟರ್ ಅಗಲ, 15 ಎತ್ತರ ಸಾಕು. ಇದಕ್ಕಿಂತ ಚಿಕ್ಕದಾದರೆ ತುಂಡುಗಳು ಕೈಗೆ ಸಿಗುವುದಿಲ್ಲ.

ಟ್ರೇಸಿಂಗ್ ಪೇಪರಿನ ಮೇಲೆ ಗೆರೆ ಮಾತ್ರ ಬರೆಯಿರಿ. ಪ್ರತಿ ಭಾಗದೊಳಗೆ ಮರದ ಹೆಸರು ಬರೆದು, ಎಳೆಯ ದಿಕ್ಕಿಗೆ ಬಾಣ ಹಾಕಿ. ಬೆಳಕು ಎಲ್ಲಿಂದ ಬರುತ್ತಿದೆ ಅಂತ ಮೂಲೆಯಲ್ಲಿ ಗುರುತು ಮಾಡಿ. ನಾವು ಬೆಳಗಿನ ನೋಟ ಮಾಡೋಣ: ಆಕಾಶ ಹಲಸು, ಸೂರ್ಯ ಬಿಳಿ ಮರ, ಬೆಟ್ಟ ತೇಗ, ಮರಗಳ ಸಾಲು ಬೀಟೆ, ಕೆರೆ ಸಿಲ್ವರ್ ಓಕ್, ದಡ ಬೀಟೆಯಲ್ಲೇ ಇನ್ನೂ ಕಪ್ಪಗಿನ ಭಾಗ.

ಕತ್ತರಿಸಲು ಎರಡು ಮೂರು ವಿಧಾನಗಳಿವೆ. 17ನೇ ಶತಮಾನದ ಫ್ರಾನ್ಸಿನಲ್ಲಿ ಬೂಲ್ ಎಂಬ ಕುಶಲಕರ್ಮಿ ಲೋಹ ಮತ್ತು ಆಮೆಚಿಪ್ಪಿನ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಸಣ್ಣ ಗರಗಸದಿಂದ ಒಟ್ಟಿಗೆ ಕತ್ತರಿಸಿದ ಕೆಲಸಕ್ಕೆ ಹೆಸರಾದ. ಆ ದಾರಿಗೆ ಫ್ರೆಟ್ ಗರಗಸ ಬೇಕು, ಕೈಯೂ ಪಳಗಿರಬೇಕು. ಹೊಸಬರಿಗೆ ನಾನು ಹೇಳುವುದು ಕಿಟಕಿ ವಿಧಾನ. ಇದರಲ್ಲಿ ಕತ್ತರಿಸುವ ಮುಂಚೆಯೇ ಆ ತುಂಡು ಚಿತ್ರದಲ್ಲಿ ಹೇಗೆ ಕಾಣುತ್ತದೆ ಅಂತ ಕಣ್ಣಾರೆ ನೋಡಬಹುದು. ಬೇರೆ ಯಾವ ವಿಧಾನದಲ್ಲೂ ಈ ಅನುಕೂಲ ಇಷ್ಟು ಸಲೀಸಾಗಿ ಸಿಗುವುದಿಲ್ಲ.

ಒಂದು ಅಗ್ಗದ ವೆನೀರ್ ಹಾಳೆ ಅಥವಾ ದಪ್ಪ ಡ್ರಾಯಿಂಗ್ ಕಾಗದ ತಗೊಳ್ಳಿ, ಚಿತ್ರಕ್ಕಿಂತ ಸುತ್ತ ಮೂರು ಸೆಂಟಿಮೀಟರ್ ದೊಡ್ಡದು. ಇದು ತಾತ್ಕಾಲಿಕ ಚೌಕಟ್ಟು. ಟ್ರೇಸಿಂಗ್ ಪೇಪರನ್ನು ಇದರ ಮೇಲಂಚಿಗೆ ಮಾತ್ರ ಟೇಪ್ ಹಾಕಿ, ಪುಸ್ತಕದ ಪುಟದಂತೆ ಎತ್ತಿ ಇಳಿಸಲು ಬರಬೇಕು. ಕೆಲಸ ಮುಗಿಯುವವರೆಗೂ ಈ ಟೇಪ್ ಕೀಳಬೇಡಿ. ಪ್ರತಿ ಸಲ ನಕ್ಷೆ ಅದೇ ಜಾಗಕ್ಕೆ ಬಂದು ಕೂರಬೇಕು.

ಆಕಾಶದಿಂದ ಶುರು ಮಾಡಿ. ಹಿಂದಿರುವುದು ಮೊದಲು, ಮುಂದಿರುವುದು ಆಮೇಲೆ, ಇದು ನಿಯಮ. ಕಾರ್ಬನ್ ಇಟ್ಟು ಆಕಾಶದ ಭಾಗವನ್ನು ಚೌಕಟ್ಟಿನ ಮೇಲೆ ಮೂಡಿಸಿ. ಕೆಳಗಿನ ಅಂಚು ಬೆಟ್ಟದೊಳಗೆ ಒಂದು ಸೆಂಟಿಮೀಟರ್ ಇಳಿದಿರಲಿ. ಆ ಭಾಗ ಕತ್ತರಿಸಿ ತೆಗೆಯಿರಿ. ಈಗ ಒಂದು ಕಿಟಕಿ ಆಯಿತು. ಅದರ ಕೆಳಗೆ ಹಲಸಿನ ಹಾಳೆ ಇಟ್ಟು ಮೆಲ್ಲನೆ ಜರುಗಿಸಿ, ತಿರುಗಿಸಿ. ಒಂದು ಕಡೆ ಎಳೆಗಳು ಸಾದಾ ಇರುತ್ತವೆ, ಇನ್ನೊಂದು ಕಡೆ ಮೋಡದ ಹಾಗೆ ತೇಲುತ್ತವೆ. ಇಲ್ಲಿ ಅವಸರ ಬೇಡ. ನಿಜ ಹೇಳಬೇಕೆಂದರೆ ಚಿತ್ರ ಚೆನ್ನಾಗಿ ಬರುವುದು ಬಿಡುವುದು ಈ ನಿಮಿಷಗಳಲ್ಲೇ ತೀರ್ಮಾನ ಆಗುತ್ತದೆ. ಮರದಲ್ಲಿ ಬೆಳಗಿನ ಮೋಡವೇ ಸಿಕ್ಕರೆ ನಕ್ಷೆಯನ್ನು ಅದಕ್ಕೆ ತಕ್ಕಂತೆ ಸ್ವಲ್ಪ ಬದಲಿಸಿ. ನಕ್ಷೆಗೋಸ್ಕರ ಒಳ್ಳೆಯ ಎಳೆಯನ್ನು ಬಿಟ್ಟುಕೊಡಬೇಡಿ.

ಜಾಗ ಗೊತ್ತಾದ ಮೇಲೆ ಹಿಂದಿನಿಂದ ಟೇಪ್ ಹಾಕಿ ಹಲಸಿನ ಹಾಳೆಯನ್ನು ಹಿಡಿಸಿ. ಕಿಟಕಿಯ ಅಂಚನ್ನೇ ಹಿಡಿದು ಚಾಕುವಿನ ಮೊನೆಯಿಂದ ಕೆಳಗಿನ ಹಾಳೆಯ ಮೇಲೆ ಹಗುರವಾಗಿ ಗೀರಿ. ಚಾಕು ನೆಟ್ಟಗಿರಲಿ, ಬಲ ಹಾಕಬೇಡಿ. ಸುತ್ತ ಗೀರಿದ ಮೇಲೆ ಹಾಳೆಯನ್ನು ಬಿಡಿಸಿ ಮ್ಯಾಟ್ ಮೇಲಿಟ್ಟು, ಅದೇ ಗೀರಿನಲ್ಲಿ ಮೂರು ನಾಲ್ಕು ಸಲ ಎಳೆದು ಪೂರ್ತಿ ಕತ್ತರಿಸಿ. ಒಂದೇ ಏಟಿಗೆ ಕತ್ತರಿಸಲು ಹೋದರೆ ಚಾಕು ಎಳೆಯ ಜೊತೆ ಓಡುತ್ತದೆ. ಸಣ್ಣ ತಿರುವುಗಳಲ್ಲಿ ಎಳೆಯುವುದನ್ನು ಬಿಟ್ಟು ಮೊನೆಯಿಂದ ಒತ್ತೊತ್ತಾಗಿ ಚುಚ್ಚುತ್ತಾ ಹೋಗಿ. ಚೂಪು ತುದಿಗಳಲ್ಲಿ ತುದಿಯಿಂದ ಶುರು ಮಾಡಿ ಒಳಕ್ಕೆ ಕತ್ತರಿಸಿ, ಇಲ್ಲದಿದ್ದರೆ ತುದಿ ಮುರಿದು ಹಾರುತ್ತದೆ. ಬೀಟೆಯಂಥ ಗಡಸು ಹಾಳೆ ಚೂರಾಗುತ್ತಿದ್ದರೆ ಕತ್ತರಿಸುವ ಮುಂಚೆ ಹಿಂಬದಿಗೆ ಪೂರ್ತಿ ಟೇಪ್ ಹಚ್ಚಿ.

ತುಂಡನ್ನು ಕಿಟಕಿಯಲ್ಲಿ ಕೂರಿಸಿ. ಹಿಂದಿನಿಂದ ಟೇಪ್ ಹಾಕಿ. ಮುಂಬದಿಯಿಂದ ಸಂದಿಗೆ ಒಂದು ಹನಿ ಫೆವಿಕಾಲ್ ಬೆರಳಿನಿಂದ ಉಜ್ಜಿ, ಉಳಿದದ್ದನ್ನು ತಕ್ಷಣ ಒದ್ದೆ ಬಟ್ಟೆಯಿಂದ ಒರೆಸಿ. ಒಣಗಿದ ಮೇಲೆ ನಕ್ಷೆಯನ್ನು ಮತ್ತೆ ಇಳಿಸಿ ಬೆಟ್ಟದ ಗೆರೆ ಮೂಡಿಸಿ. ಈಗ ಆಕಾಶದ ಕೆಳಅಂಚನ್ನೂ ಸೇರಿಸಿ ಬೆಟ್ಟದ ಕಿಟಕಿ ಕತ್ತರಿಸುತ್ತೀರಿ, ಅದಕ್ಕೇ ಆ ಒಂದು ಸೆಂಟಿಮೀಟರ್ ಹೆಚ್ಚು ಬಿಟ್ಟಿದ್ದು. ಹೀಗೇ ಬೆಟ್ಟ, ಮರಗಳ ಸಾಲು, ಕೆರೆ, ದಡ. ಸೂರ್ಯ ಚಿಕ್ಕದು, ಕೊನೆಗೆ ಆಕಾಶದಲ್ಲಿ ತೂತು ಮಾಡಿ ಕೂರಿಸಿ. ಚಿಕ್ಕ ತುಂಡುಗಳು ಯಾವಾಗಲೂ ಕೊನೆಗೆ.

ಬಳ್ಳಿ, ಎಲೆಯ ನರ, ದೋಣಿಯ ಹಗ್ಗದಂಥ ಕೂದಲೆಳೆಯ ಗೆರೆಗಳಿಗೆ ಮರ ಕತ್ತರಿಸುವುದು ಬೇಡ. ಚಾಕುವಿನಿಂದ ಆಳವಾಗಿ ಒಂದು ಗೀರು ಎಳೆದು, ಬೀಟೆಯ ನುಣ್ಣನೆ ಹುಡಿಯನ್ನು ಅಂಟಿನೊಂದಿಗೆ ಕಲಸಿ ಅದರೊಳಗೆ ಒತ್ತಿ. ಉಜ್ಜಿದ ಮೇಲೆ ಸ್ಪಷ್ಟವಾದ ಕಪ್ಪು ಗೆರೆ ಉಳಿಯುತ್ತದೆ.

ಬಿಸಿ ಮರಳಿನ ನೆರಳು

ಬೆಟ್ಟದ ಬುಡ, ಸೂರ್ಯನ ಒಂದು ಅಂಚು ಸ್ವಲ್ಪ ಕಪ್ಪಾದರೆ ಚಿತ್ರಕ್ಕೆ ಆಳ ಬರುತ್ತದೆ. ಇದಕ್ಕೆ ಬಣ್ಣ ಹಚ್ಚುವುದಿಲ್ಲ, ಮರವನ್ನು ಬಿಸಿ ಮರಳಿನಲ್ಲಿ ಸುಡುತ್ತೇವೆ. ನುಣ್ಣನೆ ಮರಳನ್ನು ಜರಡಿ ಹಿಡಿದು, ತೊಳೆದು, ಒಣಗಿಸಿ. ಹಳೆಯ ಕಬ್ಬಿಣದ ಬಾಣಲೆಯಲ್ಲಿ ಎರಡು ಮೂರು ಸೆಂಟಿಮೀಟರ್ ಆಳಕ್ಕೆ ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿ. ತುಂಡನ್ನು ಚಿಮಟದಲ್ಲಿ ಹಿಡಿದು ಕಪ್ಪಾಗಬೇಕಾದ ಅಂಚನ್ನು ಮರಳಿಗೆ ಚುಚ್ಚಿ. ಬಾಣಲೆಯ ತಳದಲ್ಲಿ ಬಿಸಿ ಜಾಸ್ತಿ, ಮೇಲೆ ಕಡಿಮೆ. ಆದ್ದರಿಂದ ಅಂಚು ಕಡುಗಪ್ಪಾಗಿ, ಮೇಲಕ್ಕೆ ಹೋದಂತೆ ಬಣ್ಣ ತಾನಾಗಿ ತಿಳಿಯಾಗುತ್ತದೆ. ಕುಂಚದಲ್ಲಿ ಇಷ್ಟು ನಯವಾದ ನೆರಳು ತರುವುದು ಕಷ್ಟ.

ಮೊದಲು ಅದೇ ಮರದ ಚೂರಿನಲ್ಲಿ ನೋಡಿ. ಐದು ಹತ್ತು ಸೆಕೆಂಡಿನಲ್ಲಿ ಜೇನಿನ ಬಣ್ಣ ಬರಬೇಕು. ಹೊಗೆ ಎದ್ದರೆ ಮರಳು ಅತಿಯಾಗಿ ಕಾದಿದೆ. ಪೂರ್ತಿ ಇದ್ದಿಲಾದ ಅಂಚು ಉಜ್ಜುವಾಗ ಉದುರಿಹೋಗುತ್ತದೆ. ಬೇಕೆನಿಸಿದ್ದಕ್ಕಿಂತ ಒಂದು ಛಾಯೆ ಹೆಚ್ಚೇ ಇರಲಿ, ಉಜ್ಜುವಾಗ ಸ್ವಲ್ಪ ಹೋಗುತ್ತದೆ. ಬಿಸಿಗೆ ತುಂಡು ಕುಗ್ಗುತ್ತದೆ, ಬಾಗುತ್ತದೆ. ಒದ್ದೆ ಬೆರಳಿನಿಂದ ಎರಡೂ ಬದಿ ಸವರಿ, ಹಲಗೆಗಳ ನಡುವೆ ಒತ್ತಿಡಿ. ಮೊದಲಿನ ಅಳತೆಗೆ ಬಂದ ಮೇಲೆ ಕೂರಿಸಿ. ಬಾಗಿಲು ಕಿಟಕಿ ತೆರೆದಿರಲಿ. ಕೈಗೆ ಚಿಮಟ ಇಲ್ಲದೆ ಮಾಡಲೇಬೇಡಿ, ಮರಳು ಕಾದಿರುವುದು ಕಣ್ಣಿಗೆ ತಿಳಿಯುವುದಿಲ್ಲ.

ಹಲಗೆಗೆ ಅಂಟಿಸುವುದು

ಚಿತ್ರ ಪೂರ್ತಿ ಜೋಡಿಸಿದ ಮೇಲೆ ತಾತ್ಕಾಲಿಕ ಚೌಕಟ್ಟನ್ನು ಕತ್ತರಿಸಿ ತೆಗೆಯಿರಿ. ಸುತ್ತ ಬೀಟೆಯ ಒಂದು ಪಟ್ಟಿ ಅಂಚಾಗಿ ಬಂದರೆ ಚೆನ್ನ. ನಾಲ್ಕು ಮೂಲೆಗಳಲ್ಲೂ ಪಟ್ಟಿಗಳನ್ನು 45 ಡಿಗ್ರಿಗೆ ಕೂಡಿಸಿ. ಈಗ ಮುಂಬದಿಗೆ, ಅಂದರೆ ನೋಡುವ ಬದಿಗೆ, ನೀರಿನ ಕಂದು ಟೇಪನ್ನು ಪೂರ್ತಿ ಹಚ್ಚಿ ಒಣಗಿಸಿ. ಆಮೇಲೆ ಹಿಂಬದಿಯ ಮಾಸ್ಕಿಂಗ್ ಟೇಪ್‌ಗಳನ್ನು ಒಂದೂ ಬಿಡದೆ ಕಿತ್ತುಹಾಕಿ. ಎಳೆಯ ಜೊತೆಗೆ, ಮಲಗಿಸಿದಂತೆ ಎಳೆಯಿರಿ. ಒಂದು ಚೂರು ಟೇಪ್ ಉಳಿದರೂ ಅಲ್ಲಿ ಅಂಟು ಹಿಡಿಯುವುದಿಲ್ಲ.

ಹಲಗೆಗೆ 9 ಅಥವಾ 12 ಮಿಲಿಮೀಟರ್ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಒಳ್ಳೆಯದು, ಅದರ ಮೈ ನುಣುಪು. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಇರುವವರು ನೀರು ತಡೆಯುವ ಪ್ಲೈವುಡ್ ಬಳಸಿ. ಪ್ಲೈ ಆದರೆ ಅದರ ಮೇಲ್ಪದರದ ಎಳೆಗೆ ಅಡ್ಡವಾಗಿ ಚಿತ್ರದ ಹೆಚ್ಚಿನ ಎಳೆಗಳು ಬರುವಂತೆ ಇಡಿ. ಯಾವುದೇ ಹಲಗೆಯಾದರೂ ಹಿಂಬದಿಗೂ ಒಂದು ಸಾದಾ ವೆನೀರ್ ಅಂಟಿಸಲೇಬೇಕು. ಒಂದೇ ಬದಿಗೆ ಅಂಟಿಸಿದರೆ ಅಂಟು ಒಣಗಿ ಎಳೆದಾಗ ಹಲಗೆ ಬಟ್ಟಲಿನಂತೆ ಬಾಗುತ್ತದೆ, ಮಳೆಗಾಲ ಬೇಸಿಗೆ ಬದಲಾದಾಗ ಇನ್ನಷ್ಟು. ಹಿಂದೆ ಯಾರೂ ನೋಡುವುದಿಲ್ಲ ಅಲ್ವಾ ಅಂತ ಇದನ್ನು ಬಿಡುವವರೇ ಜಾಸ್ತಿ. ದಯವಿಟ್ಟು ಬಿಡಬೇಡಿ.

ಅಂಟನ್ನು ಹಲಗೆಗೆ ಮಾತ್ರ ಹಚ್ಚಿ, ವೆನೀರಿಗೆ ಬೇಡ. ತೆಳ್ಳಗಿನ ಹಾಳೆ ಅಂಟಿನ ನೀರು ಕುಡಿದು ತಕ್ಷಣ ಸುರುಳಿಯಾಗುತ್ತದೆ. ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ತೆಳುವಾಗಿ, ಎಲ್ಲೂ ಬರಿದಾಗದಂತೆ ಎಳೆಯಿರಿ. ಎರಡೂ ಬದಿ ಕೆಲವೇ ನಿಮಿಷಗಳಲ್ಲಿ ಮುಗಿಯಬೇಕು. ಆದ್ದರಿಂದ ಕ್ಲಾಂಪ್, ಪಾಲಿಥಿನ್ ಹಾಳೆ, ಒತ್ತು ಹಲಗೆ ಎಲ್ಲವನ್ನೂ ಮೊದಲೇ ಕೈಯಳತೆಯಲ್ಲಿ ಇಟ್ಟುಕೊಂಡು, ಅಂಟಿಲ್ಲದೆ ಒಮ್ಮೆ ಬಿಗಿದು ನೋಡಿ. ಚಿತ್ರವನ್ನು ಟೇಪ್ ಬದಿ ಮೇಲೆ ಬರುವಂತೆ ಇಟ್ಟು, ಅದರ ಮೇಲೆ ಪಾಲಿಥಿನ್, ಅದರ ಮೇಲೆ ಒಂದಿಷ್ಟು ಮಡಿಸಿದ ಕಾಗದ, ಆಮೇಲೆ ಒತ್ತು ಹಲಗೆ. ಕ್ಲಾಂಪ್‌ಗಳನ್ನು ನಡುವಿನಿಂದ ಹೊರಕ್ಕೆ ಬಿಗಿಯಿರಿ, ಹೆಚ್ಚಿನ ಅಂಟು ಅಂಚಿನಿಂದ ಹೊರಬರಲಿ. ಒಂದು ದಿನ ಪೂರ್ತಿ ಹಾಗೇ ಬಿಡಿ, ಮಳೆಗಾಲದಲ್ಲಿ ಎರಡು ದಿನ.

ಬಿಚ್ಚಿದ ಮೇಲೆ ಉಗುರಿನಿಂದ ಎಲ್ಲ ಕಡೆ ತಟ್ಟಿ ನೋಡಿ. ಟೊಳ್ಳು ಸದ್ದು ಬಂದಲ್ಲಿ ಗುಳ್ಳೆ ಇದೆ. ಎಳೆಯ ಉದ್ದಕ್ಕೆ ಸಣ್ಣ ಸೀಳು ಮಾಡಿ, ಸಿರಿಂಜಿನಲ್ಲಿ ಅಂಟು ಬಿಟ್ಟು ಮತ್ತೆ ಕ್ಲಾಂಪ್ ಹಾಕಿ. ಒಳಗೆ ಅಂಟು ಇದ್ದೂ ಹಿಡಿಯದೆ ಹೋಗಿದ್ದರೆ, ಮೇಲೆ ಬಟ್ಟೆ ಹಾಸಿ ಹದ ಬಿಸಿಯ ಇಸ್ತ್ರಿಪೆಟ್ಟಿಗೆ ಒತ್ತಿ. ಫೆವಿಕಾಲ್ ಬಿಸಿಗೆ ಮೆತ್ತಗಾಗಿ ಮತ್ತೆ ಹಿಡಿಯುತ್ತದೆ.

ಉಜ್ಜುವುದು, ಪಾಲಿಶ್ ಮಾಡುವುದು

ಕಂದು ಟೇಪನ್ನು ಒದ್ದೆ ಬಟ್ಟೆಯಿಂದ ನೆನೆಸಿ, ಅಂಟು ಬಿಟ್ಟ ಮೇಲೆ ಮೆಲ್ಲನೆ ಕೆರೆದು ತೆಗೆಯಿರಿ. ಪೂರ್ತಿ ಒಣಗಲು ಬಿಡಿ. ನಿಮ್ಮ ಹತ್ತಿರ ಇರುವುದು ಅರ್ಧ ಮಿಲಿಮೀಟರ್ ಮರ ಮಾತ್ರ. ಮಷೀನ್ ಸ್ಯಾಂಡರ್ ಹಿಡಿಯಬೇಡಿ, ಒಂದು ಕ್ಷಣದಲ್ಲಿ ತಳದ ಹಲಗೆ ಕಾಣಿಸುತ್ತದೆ. ಉಪ್ಪು ಕಾಗದವನ್ನು ಚಪ್ಪಟೆ ಮರದ ತುಂಡಿಗೆ ಸುತ್ತಿ ಕೈಯಲ್ಲೇ ಉಜ್ಜಿ. ಮೊದಲು 150ನೇ ನಂಬರಿನ ಕಾಗದ, ಆಮೇಲೆ 220, ಕೊನೆಗೆ 320. ಚಿತ್ರದಲ್ಲಿ ಎಳೆಗಳು ಎಲ್ಲ ದಿಕ್ಕಿಗೂ ಇರುವುದರಿಂದ ಎಳೆಯ ಜೊತೆ ಉಜ್ಜಿ ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಹಗುರ ಕೈಯಲ್ಲಿ ಸಣ್ಣ ಸುತ್ತು ಸುತ್ತಾಗಿ ಉಜ್ಜಿ, ಕೊನೆಯ ಕಾಗದದಲ್ಲಿ ಚಿತ್ರದ ಉದ್ದಕ್ಕೆ ಎಳೆಯಿರಿ. ಬೀಟೆಯ ಹುಡಿ ಕೆಲವರಿಗೆ ಸೀನು, ಚರ್ಮದ ತುರಿಕೆ ತರುತ್ತದೆ. ಮಾಸ್ಕ್ ಹಾಕಿಕೊಳ್ಳಿ.

ಆ ಹುಡಿಯೇ ಚಿತ್ರಕ್ಕೂ ಶತ್ರು. ಬೀಟೆಯ ಕಪ್ಪು ಹುಡಿ ಪಕ್ಕದ ಬಿಳಿ ಮರದ ರಂಧ್ರಗಳಲ್ಲಿ ಕೂತರೆ ಸೂರ್ಯ ಮಂಕಾಗುತ್ತಾನೆ. ಬಟ್ಟೆಯಿಂದ ಒರೆಸಬೇಡಿ, ಒಳಕ್ಕೆ ಇನ್ನಷ್ಟು ತುಂಬುತ್ತದೆ. ವ್ಯಾಕ್ಯೂಮ್ ಕ್ಲೀನರ್ ಅಥವಾ ಒಣ ಬ್ರಷ್‌ನಿಂದ ಆಗಾಗ ತೆಗೆಯುತ್ತಿರಿ. ಸಂದುಗಳಲ್ಲಿ ಸಣ್ಣ ಬಿರುಕು ಕಂಡರೆ ಎರಡು ಮರಗಳಲ್ಲಿ ಕಪ್ಪಗಿರುವುದರ ಹುಡಿಯಿಂದಲೇ ತುಂಬಿ, ಬಿಳಿ ಹುಡಿ ಎದ್ದು ಕಾಣುತ್ತದೆ.

ಪಾಲಿಶ್‌ನಲ್ಲೂ ಇದೇ ಕಾಟ. ಬೀಟೆ ಮತ್ತು ಕೆಂಪು ಮರಗಳ ಬಣ್ಣ ಸ್ಪಿರಿಟ್‌ನಲ್ಲಿ ಕರಗುತ್ತದೆ. ಫ್ರೆಂಚ್ ಪಾಲಿಶನ್ನು, ಅಂದರೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗನ್ನು, ಬಟ್ಟೆಯಲ್ಲಿ ಅದ್ದಿ ಜೋರಾಗಿ ಎಳೆದರೆ ಆ ನೇರಳೆ ಬಣ್ಣ ಹಲಸಿನ ಆಕಾಶಕ್ಕೆ ಹರಡುತ್ತದೆ. ಮೊದಲ ಎರಡು ಮೂರು ಕೋಟ್ ತುಂಬಾ ತೆಳ್ಳಗಿರಲಿ. ಸ್ಪ್ರೇ ಮಾಡಿದರೆ ಉತ್ತಮ. ಬ್ರಷ್ ಆದರೆ ಬಿಳಿ ಭಾಗದಿಂದ ಕಪ್ಪು ಭಾಗದ ಕಡೆಗೆ, ಒಂದೇ ಸಲ ಸವರಿ ಬಿಡಿ. ಹೀಗೆ ಮೈ ಮುಚ್ಚಿದ ಮೇಲೆ ಎಂದಿನಂತೆ ಪಾಲಿಶ್ ಮಾಡಬಹುದು. ಕನ್ನಡಿಯಂಥ ಹೊಳಪು ನನಗೆ ಹಿಡಿಸುವುದಿಲ್ಲ, ಮರದ ಮಿನುಗನ್ನು ಅದು ಮುಚ್ಚುತ್ತದೆ. 400ರ ಕಾಗದದಿಂದ ಹಗುರವಾಗಿ ಉಜ್ಜಿ, ಮೇಣ ಹಚ್ಚಿ, ಮೆತ್ತನೆ ಬಟ್ಟೆಯಿಂದ ತಿಕ್ಕಿದ ಹದವಾದ ಹೊಳಪು ಈ ಕೆಲಸಕ್ಕೆ ಒಪ್ಪುತ್ತದೆ.

ಬಣ್ಣ ಬದಲಾಗುತ್ತದೆ, ಮೊದಲೇ ಲೆಕ್ಕ ಹಾಕಿ

ಹಲಸಿನ ಹಳದಿ ವರ್ಷಗಳು ಕಳೆದಂತೆ ಚಿನ್ನದ ಕಂದಿಗೆ ತಿರುಗುತ್ತದೆ. ಬಿಳಿ ಮರ ಕೆನೆಗಟ್ಟುತ್ತದೆ. ಬೀಟೆ ಬಿಸಿಲಿಗೆ ಬಿದ್ದರೆ ಬಣ್ಣ ಕಳೆದುಕೊಂಡು ತಿಳಿಯಾಗುತ್ತದೆ. ಅಂದರೆ ಇವತ್ತು ಹಲಸು ಮತ್ತು ತೇಗದ ನಡುವೆ ಕಾಣುವ ವ್ಯತ್ಯಾಸ ಮುಂದೆ ಕಡಿಮೆಯಾಗುತ್ತದೆ. ಹಾಗಾಗಿ ಪಕ್ಕಪಕ್ಕದ ಎರಡು ಭಾಗಗಳು ಬಣ್ಣದಿಂದ ಮಾತ್ರ ಬೇರೆ ಕಾಣುವಂತೆ ಬಿಡಬೇಡಿ, ಎಳೆಯ ದಿಕ್ಕಿನಿಂದಲೂ ಬೇರೆ ಮಾಡಿ. ಬಣ್ಣ ಹತ್ತಿರವಾದರೂ ದಿಕ್ಕಿನ ವ್ಯತ್ಯಾಸ ಉಳಿಯುತ್ತದೆ. ಬಳಸಿದ ಪ್ರತಿ ಮರದ ಒಂದು ಚೂರನ್ನು ಅರ್ಧ ಮುಚ್ಚಿ ಕಿಟಕಿಯಲ್ಲಿ ಇಡಿ. ಯಾವ ಮರ ಯಾವ ಕಡೆಗೆ ತಿರುಗುತ್ತದೆ ಅಂತ ಕೆಲವೇ ತಿಂಗಳಲ್ಲಿ ಗೊತ್ತಾಗುತ್ತದೆ, ಮುಂದಿನ ಚಿತ್ರಕ್ಕೆ ಮರ ಆರಿಸುವಾಗ ಆ ಚೂರುಗಳನ್ನೇ ನೋಡಿ.

ಫಲಕವನ್ನು ಬಿಸಿಲು ನೇರ ಬೀಳದ, ಆದರೆ ಪಕ್ಕದಿಂದ ಬೆಳಕು ಬರುವ ಗೋಡೆಗೆ ತೂಗುಹಾಕಿ. ಎದುರಿನಿಂದ ಬೆಳಕು ಬಿದ್ದರೆ ಎಳೆಗಳ ಆಟ ಕಾಣುವುದಿಲ್ಲ. ಮೈಸೂರಿಗೆ ಹೋದಾಗ ಮಂಡಿ ಮೊಹಲ್ಲಾದ ಕಡೆ ಇನ್‌ಲೇ ಕೆಲಸಗಾರರ ಕಾರ್ಯಾಗಾರಗಳನ್ನು ಕೇಳಿ ನೋಡಿ ಬನ್ನಿ. ನಿಮ್ಮ ಮೊದಲ ಚಿತ್ರವನ್ನೂ ಜೊತೆಗೆ ಒಯ್ಯಿರಿ. ಆನೆಯ ಕಿವಿಗೆ, ಸೊಂಡಿಲಿಗೆ ಅವರು ಎಳೆಯನ್ನು ಯಾವ ಕಡೆ ತಿರುಗಿಸಿದ್ದಾರೆ ಅಂತ ಗಮನಿಸಿ. ಎರಡನೆಯ ಚಿತ್ರಕ್ಕೆ ಆನೆಯನ್ನೇ ಮಾಡಬೇಕೆನಿಸಿದರೆ ಅಲ್ಲಿಂದ ಶುರು ಮಾಡಬಹುದು.